ತಲೆಗೆ ನೀರು ಹಾಕಿದವರು ಯಾರು

ಇಂದು ಬುಧವಾರ. ಯುಗಾದಿಗೆ ಇನ್ನು ಹನ್ನೆರಡು ದಿನ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಹಳೇಬೀಡಿನಲ್ಲಿರುವ ನನ್ನ ಅಕ್ಕ ಸರೋಜಮ್ಮನ ಮನೆಯ ನಡುಮನೆಯಲ್ಲಿ ನಿಂತು ನಾನು ಮೂರು ವಾಕ್ಯ ಹೇಳಿದೆ. ಎದುರಿಗಿದ್ದವರು ನಾಲ್ವರು — ಅಕ್ಕ, ಅವಳ ಮಗ ಶ್ರೀಧರ, ಸೊಸೆ ವಸಂತ, ಮೊಮ್ಮಗಳು ಮೇಘನಾ.

"ಅಕ್ಕನ ಬಲಗಣ್ಣು ಹೋದದ್ದು ವಸಂತ ಹಾಕಿದ ನೀರಿನಿಂದಲ್ಲ. ನನ್ನ ಕೈಯಿಂದ. ಅದು ನನಗೆ ಹನ್ನೊಂದು ವರ್ಷದಿಂದ ಗೊತ್ತು."

ಹೇಳಿ ಮುಗಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅರ್ಧ ನಿಮಿಷದ ಮಾತು — ಅದನ್ನು ಹೇಳದೆ ಹನ್ನೊಂದು ದೀಪಾವಳಿ ಕಳೆದೆ.

ಈಗ ಮಧ್ಯಾಹ್ನ ಹನ್ನೆರಡು. ಅದೇ ಮನೆಯ ಜಗಲಿಯಲ್ಲಿ ಕುಳಿತು, ಮೇಘನಾ ಕೊಟ್ಟ ಗೆರೆ ಹಾಳೆಯ ಮೇಲೆ ಬರೆಯುತ್ತಿದ್ದೇನೆ. ಬರೆಯಬೇಕೆಂದು ನನಗಾಗಿ ಹೊಳೆದದ್ದಲ್ಲ. ವಸಂತ ಹೇಳಿದಳು: "ಬಾಯಿ ಮಾತು ಬೇಡ ಮಾವ. ಬರೆದು ಕೊಡಿ. ಒಂದು ನನಗೆ, ಒಂದು ಗೆಂಡೆಹಳ್ಳಿಯಲ್ಲಿ ನಮ್ಮಣ್ಣನಿಗೆ, ಒಂದು ಆ ಆಸ್ಪತ್ರೆಗೆ."

ವಸಂತ, ಇದು ನಿನಗೆ. ನಿನ್ನ ಕೈಯಿಂದ ಇದನ್ನು ಪಡೆದು ಓದುವ ಎಲ್ಲರಿಗೂ. ಅವರಲ್ಲಿ ಕೆಲವರಿಗೆ ನಾನು ಯಾರೆಂದು ತಿಳಿದಿರಲಿಕ್ಕಿಲ್ಲ, ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ನನ್ನ ಹೆಸರು ಅನಂತರಾಮ. ವಯಸ್ಸು ಎಪ್ಪತ್ತಮೂರು. ಸೈನ್ಯದ ವರ್ಕ್‌ಶಾಪಿನಲ್ಲಿ ಇಪ್ಪತ್ತೊಂದು ವರ್ಷ ದುರ್ಬೀನು, ದೂರದರ್ಶಕಗಳನ್ನು ರಿಪೇರಿ ಮಾಡಿದವನು. ನಿವೃತ್ತಿಯಾಗಿ ಅರಸೀಕೆರೆಗೆ ಬಂದ ಮೇಲೆ ಅದೇ ಕೈಕೆಲಸ ಆಸ್ಪತ್ರೆಗಳಿಗೆ ಉಪಯೋಗಕ್ಕೆ ಬಂತು. ಕಣ್ಣಿನ ಆಪರೇಷನ್ ಮಾಡುವಾಗ ಡಾಕ್ಟರು ಒಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ — ಆಳೆತ್ತರದ ಕಂಬ, ಕಂಬಕ್ಕೆ ತೋಳು, ತೋಳಿನ ತುದಿಗೆ ತಲೆ. ಆ ತಲೆಯಿಂದ ಕೆಳಗೆ ಮಲಗಿದವರ ಕಣ್ಣಿನೊಳಕ್ಕೆ ನೇರ ಬೆಳಕು. ಅರಸೀಕೆರೆ, ಬೇಲೂರು ಸುತ್ತಿನಲ್ಲಿ ಇಂಥ ಮೈಕ್ರೋಸ್ಕೋಪುಗಳನ್ನು ನೋಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಲೆನ್ಸಿಗೆ ಬೂಷ್ಟು ಹಿಡಿದರೆ, ತೋಳು ಜಗ್ಗಿದರೆ, ದೀಪ ಸುಟ್ಟರೆ ನನಗೆ ಫೋನು. ಈ ಸಂಗತಿ ನಡೆದ ಆಸ್ಪತ್ರೆ ಅರಸೀಕೆರೆಯಲ್ಲಿದೆ. ಹೆಸರು ಬರೆಯುವುದಿಲ್ಲ, ಏಕೆಂದರೆ ತಪ್ಪು ಅದರದ್ದಲ್ಲ.

ವರ್ಕ್‌ಶಾಪಿನಲ್ಲಿ ನಮಗೆ ಮೂರು ಕಟ್ಟುನಿಟ್ಟು ಕಲಿಸಿದ್ದರು. ಮುಟ್ಟುವ ಮೊದಲು ಆರಲು ಬಿಡು. ಬಿಚ್ಚುವ ಮೊದಲು ಬರೆದಿಡು. ಮುಚ್ಚುವ ಮೊದಲು ಎಣಿಸು. ಬೆಳಿಗ್ಗೆ ಐದಕ್ಕೆ ಏಳುವುದು, ಆರಕ್ಕೆ ಡೈರಿ, ಏಳಕ್ಕೆ ತಿಂಡಿ — ಜೀವನವನ್ನೂ ಹಾಗೆಯೇ ನಡೆಸಿದೆ. ನೆಂಟರು ನನ್ನನ್ನು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತೇವೆ ಎನ್ನುತ್ತಿದ್ದರು. ಅದನ್ನು ಕೇಳಿ ಹಿಗ್ಗಿದ್ದೇನೆ.

ಆ ವರ್ಷ ಆಯುಧಪೂಜೆ ಶನಿವಾರ ಬಂತು. ಪ್ರತಿ ವರ್ಷ ಆ ದಿನ ಆಸ್ಪತ್ರೆಯಲ್ಲಿ ಆಪರೇಷನ್ ಇರುವುದಿಲ್ಲ. ನಾನು ಹೋಗಿ ಮೈಕ್ರೋಸ್ಕೋಪನ್ನು ಒರೆಸಿ, ಎಣ್ಣೆ ಹಾಕಿ, ಕೊನೆಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಹೂವಿನ ಸರ ಹಾಕುತ್ತಿದ್ದೆ. ಥಿಯೇಟರಿನ ಗ್ರೇಸಿ ಸಿಸ್ಟರ್ ಬಾಗಿಲಲ್ಲಿ ನಿಂತು ನಗುತ್ತಿದ್ದಳು: "ಸಾರ್ ಗಂಡನ್ನ ಸಿಂಗಾರ ಮಾಡಿದ್ರು. ಹೆಣ್ಣು ಯಾವೂರಿನ ಮಿಷನ್ನು ಸಾರ್?" ಆ ಸಲ ನಾನೂ ನಕ್ಕು, ದೀಪದ ಪೆಟ್ಟಿಗೆಯ ಮೇಲೆ ಢಾಳಾಗಿ ಇನ್ನೊಂದು ಚಿಟಿಕೆ ಕುಂಕುಮವಿಟ್ಟೆ. ಆ ಪೆಟ್ಟಿಗೆಗೆ ಗಾಳಿಯಾಡಲು ಮೇಲ್ಗಡೆ ಸೀಳುಗಳಿವೆ. ಅದು ನನಗೆ ಗೊತ್ತಿತ್ತು.

ಹತ್ತು ದಿನ ಬಿಟ್ಟು, ಮಂಗಳವಾರ ಸಂಜೆ ಡಾಕ್ಟರ ಫೋನು. "ಅನಂತರಾಮಯ್ಯನವರೇ, ಬೆಳಕು ಮಂಕಾಗಿದೆ. ನಾಳೆ ಕ್ಯಾಂಪ್ ಬೇರೆ ಇದೆ." ಹೋದೆ. ಅವರು ಆಗ ತಾನೇ ಕೊನೆಯ ಆಪರೇಷನ್ ಮುಗಿಸಿ ಕೈ ತೊಳೆಯುತ್ತಿದ್ದರು. ದೀಪದ ಪೆಟ್ಟಿಗೆ ಮುಟ್ಟಲಾಗದಷ್ಟು ಬಿಸಿ. ಇಪ್ಪತ್ತು ನಿಮಿಷ ಆರಲು ಬಿಡಬೇಕು.

"ಎಷ್ಟು ಹೊತ್ತಾಗಬಹುದು?"

"ಐದು ನಿಮಿಷ ಸಾರ್."

ಐದು ನಿಮಿಷ — ಅದು ನನ್ನ ಹೆಚ್ಚುಗಾರಿಕೆ. ಪೆಟ್ಟಿಗೆ ತೆಗೆದು ನೋಡಿದರೆ, ದೀಪದ ಮುಂದಿನ ಫಿಲ್ಟರ್ ಗಾಜಿನ ಮೇಲೆ ನನ್ನ ಕುಂಕುಮ. ಸೀಳಿನಿಂದ ಒಳಗೆ ಬಿದ್ದು, ಶಾಖಕ್ಕೆ ಕಂದಾಗಿ ಅಂಟಿಕೊಂಡಿತ್ತು. ಆ ಗಾಜಿನ ಕೆಲಸವನ್ನು ಇಲ್ಲಿ ಹೇಳಲೇಬೇಕು. ದೀಪದ ಶಾಖವನ್ನೂ ಕಣ್ಣಿಗೆ ಕೇಡು ಮಾಡುವ ಕಿರಣಗಳನ್ನೂ ಅದು ತಡೆಯುತ್ತದೆ. ಒಳ್ಳೆಯ ಬೆಳಕನ್ನು ಮಾತ್ರ ಬಿಡುತ್ತದೆ. ಅದಿಲ್ಲದಿದ್ದರೆ, ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಡುವ ಹಾಗೆ, ಕಣ್ಣಿನ ಒಳಪರದೆಯ ನಟ್ಟನಡುವೆ —

ಡಾಕ್ಟರು ಟವಲಿನಲ್ಲಿ ಕೈ ಒರೆಸುತ್ತ ಈ ಕಡೆ ಬರುತ್ತಿದ್ದರು. ಅವರು ಕುಂಕುಮ ನೋಡಬಾರದು ಎನ್ನುವುದೊಂದೇ ಆಗ ತಲೆಯಲ್ಲಿದ್ದದ್ದು. ಹತ್ತಿಗೆ ಸ್ಪಿರಿಟ್ ಅದ್ದಿ, ಕಾದ ಗಾಜಿನ ಮೇಲೆ ಎಳೆದೆ. ಟಿಕ್ ಎಂದಿತು. ಉಗುರಿನಿಂದ ಲೋಟ ತಟ್ಟಿದಷ್ಟೇ ಸದ್ದು. ಗಾಜು ಎರಡು ತುಂಡು.

ಎರಡನ್ನೂ ಕರವಸ್ತ್ರದಲ್ಲಿ ಸುತ್ತಿ ಪ್ಯಾಂಟಿನ ಜೇಬಿಗೆ ಹಾಕಿದೆ. ಪೆಟ್ಟಿಗೆ ಮುಚ್ಚಿದೆ. ದೀಪ ಹಾಕಿದೆ. ಡಾಕ್ಟರು ಬಗ್ಗಿ ನೋಡಿ, "ಇದೇನ್ರೀ ಇದು! ಹೊಸ ಮಿಷನ್ ಥರ ಆಗಿಹೋಯ್ತಲ್ಲ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಈ ಬೆಳಕನ್ನ?" ಎಂದರು.

ನಾನು ನಕ್ಕೆ.

ಹೇಳಬೇಕಾಗಿದ್ದದ್ದು ಒಂದೇ ವಾಕ್ಯ — ಗಾಜು ಒಡೆದೆ, ಹೊಸದು ಬರುವವರೆಗೆ ಇದನ್ನು ಬಳಸಬೇಡಿ. ಆದರೆ ಹೊರಗೆ ಓಣಿಯಲ್ಲಿ ಕ್ಯಾಂಪಿನವರು ಆಗಲೇ ಬಂದು ಕುಳಿತಿದ್ದರು. ಬಾಣಾವರದ ಕಡೆಯ ಹಳ್ಳಿಗಳವರು. ಯಾವ ಕಣ್ಣೆಂದು ತಿಳಿಯಲು ಹುಬ್ಬಿನ ಮೇಲೆ ಪ್ಲಾಸ್ಟರ್ ಅಂಟಿಸಿಕೊಂಡವರು, ಮಡಿಲಲ್ಲಿ ತಟ್ಟೆ ಲೋಟದ ಚೀಲ ಇಟ್ಟುಕೊಂಡವರು. ಅವರ ಮಧ್ಯೆಯೇ ನಡೆದು ಹೊರಗೆ ಬಂದೆ. ಜೇಬಿನಲ್ಲಿ ಗಾಜು ಒಂದಕ್ಕೊಂದು ತಾಗುತ್ತಿತ್ತು. ಅಂದೇ ಬೆಂಗಳೂರಿಗೆ ಫೋನ್ ಮಾಡಿ ಹೊಸ ಗಾಜು ಕಳಿಸಲು ಹೇಳಿದೆ. ಗುರುವಾರ ಬಸ್ಸಿಗೆ ಹಾಕುತ್ತೇವೆ ಎಂದರು. ಎರಡು ದಿನ ತಾನೇ. ಈ ಡಾಕ್ಟರ ಕೈ ಚುರುಕು, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ನಿಮಿಷ ತಾನೇ. ಎಷ್ಟು "ತಾನೇ"ಗಳನ್ನು ಅಂದು ಹೇಳಿಕೊಂಡೆನೋ.

ಗುರುವಾರ ಗಾಜು ಬರಲಿಲ್ಲ. ಶುಕ್ರವಾರ ಅಕ್ಕನ ಆಪರೇಷನ್.

ಆ ದಿನವನ್ನು ಗೊತ್ತು ಮಾಡಿದವನು ನಾನೇ. ಬಲಗಣ್ಣಿನ ಪೊರೆ ಕಳಿತಿದೆ, ನಮ್ಮ ಆಸ್ಪತ್ರೆ, ನಾನೇ ನೋಡಿಕೊಳ್ಳುವ ಮೈಕ್ರೋಸ್ಕೋಪು, ಯಾವ ಹೆದರಿಕೆಯೂ ಬೇಡ ಎಂದು ಆರು ತಿಂಗಳು ಬೆನ್ನು ಬಿದ್ದು ಒಪ್ಪಿಸಿದ್ದೆ. ಅವಳು ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು. ಪೇಪರನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಆ ಬೆಳಿಗ್ಗೆ "ಇವತ್ತು ಬೇಡ, ಮುಂದಿನ ವಾರ ಮಾಡೋಣ" ಎಂದು ನಾನು ಅಂದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಏಕೆ ಎಂದು ಮಾತ್ರ ಕೇಳುತ್ತಿದ್ದರು. ಆ "ಏಕೆ"ಗೆ ಹೆದರಿ, ನನ್ನ ಒಡಹುಟ್ಟಿದವಳನ್ನು ಆ ಬೆಳಕಿನ ಕೆಳಗೆ ಮಲಗಿಸಿದೆ.

ಥಿಯೇಟರಿನ ಗೋಡೆಗೆ ಒತ್ತಿ ನಿಂತಿದ್ದೆ, ಹಸಿರು ಬಟ್ಟೆ, ಬಾಯಿಗೆ ಮಾಸ್ಕು. ಪೊರೆ ಗಟ್ಟಿಯಾಗಿತ್ತು. ಹನ್ನೆರಡು ನಿಮಿಷ ದಾಟಿತು. ಇಪ್ಪತ್ತು ದಾಟಿತು. ಡಾಕ್ಟರು ಕಾಲಿನ ಪೆಡಲ್ ಒತ್ತಿ ಬೆಳಕನ್ನು ಇನ್ನಷ್ಟು ಏರಿಸಿದರು. ಬಟ್ಟೆಯ ಕೆಳಗಿನಿಂದ ಅಕ್ಕನ ದನಿ ಬಂತು:

"ಅನಂತೂ, ಇದ್ದೀಯೇನೋ? ಸೂರ್ಯನ್ನೇ ತಂದು ಕಣ್ಣೊಳಗೆ ಇಟ್ಟುಬಿಟ್ಟಿದೀಯಲ್ಲೋ!"

"ಮಾತಾಡಬೇಡಿ ಅಮ್ಮ," ಎಂದರು ಡಾಕ್ಟರು.

ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆ. ಬೆಳಕು ತಗ್ಗಿಸಿ ಎನ್ನುವ ಮಾತು ಮಾಸ್ಕಿನವರೆಗೆ ಬಂತು. ಮಾಸ್ಕು ಒದ್ದೆಯಾಯಿತೇ ಹೊರತು ಮಾತು ಹೊರಗೆ ಬರಲಿಲ್ಲ. ಮೂವತ್ತೆಂಟು ನಿಮಿಷ. ಗಾಜು ಒಡೆದದ್ದು ಕೈತಪ್ಪು ಎಂದು ಬೇಕಾದರೆ ಯಾರಾದರೂ ಅಂದಾರು. ಈ ಮೂವತ್ತೆಂಟು ನಿಮಿಷಕ್ಕೆ ಏನೆಂದು ಹೆಸರಿಡಬೇಕು? ನನಗೆ ಇವತ್ತಿಗೂ ತಿಳಿಯದು.

ಶನಿವಾರ ಪಟ್ಟಿ ಬಿಚ್ಚಿದರು. ಭಾನುವಾರ ಅಕ್ಕ ಫೋನ್ ಮಾಡಿದಳು. ಅವಳ ಮಾತನ್ನು ಅಕ್ಷರ ಬಿಡದೆ ಬರೆಯುತ್ತೇನೆ, ಏಕೆಂದರೆ ನಿನ್ನ ಹನ್ನೊಂದು ವರ್ಷವೆಲ್ಲ ಈ ಮಾತಿನ ಮೇಲೆ ನಿಂತಿದೆ, ವಸಂತ.

"ಸುತ್ತ ಎಲ್ಲಾ ಚೆನ್ನಾಗಿ ಕಾಣತ್ತೆ ಕಣೋ. ಆದ್ರೆ ಎಲ್ಲಿ ನೋಡ್ತೀನೋ ಅಲ್ಲೇ ಒಂದು ಹೊಗೆ. ಈಗ ವಸಂತ ಎದುರಿಗೆ ನಿಂತಿದ್ದಾಳೆ ನೋಡು — ಎರಡು ಓಲೆ ಇದೆ, ಕೂದಲಿದೆ, ಮೂಗೇ ಇಲ್ಲ ಇವಳಿಗೆ!" ಹೇಳಿ ನಕ್ಕಳು. ಹಿಂದಿನಿಂದ ನೀನೂ ನಕ್ಕದ್ದು ಕೇಳಿಸಿತು.

"ಊತ ಇಳಿದ ಮೇಲೆ ಸರಿಹೋಗತ್ತೆ ಅಕ್ಕ," ಎಂದೆ. ಡೈರಿಯಲ್ಲಿ ಬರೆದೆ: ಭಾನುವಾರ. ಅಕ್ಕ ಫೋನ್. ನೋಟದ ನಡುವೆ ಹೊಗೆ.

ಬುಧವಾರ ಹೊಸ ಗಾಜು ಬಂತು. ದೀಪ ನೋಡುವ ನೆಪದಲ್ಲಿ ಹೋಗಿ ಹಾಕಿ ಬಂದೆ. "ಬೆಳಕು ಮತ್ತೆ ಕಮ್ಮಿ ಆಯ್ತಲ್ರೀ" ಎಂದು ಡಾಕ್ಟರು ಗೊಣಗಿದರು. ಎರಡು ದಿನ ಬಿಟ್ಟು, ಶುಕ್ರವಾರ ನರಕ ಚತುರ್ದಶಿ. ಆಪರೇಷನ್ ಆಗಿ ಏಳನೆಯ ದಿನ.

ಹದಿನೈದು ದಿನ ತಲೆಗೆ ನೀರು ಬೇಡವೆಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಆದರೆ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ನೀನು ಹಂಡೆ ತೊಳೆದು, ಹಾಗಲಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡಿದ್ದೆ. ಬೆಳಿಗ್ಗೆ ಎಲ್ಲರಿಗೂ ಎಣ್ಣೆ ಒತ್ತಿ ನೀರು ಹಾಕಿದೆ. ಅಕ್ಕ ಹಟ ಹಿಡಿದಳು. "ಹಬ್ಬದ ದಿನ ತಲೆಗೆ ನೀರಿಲ್ಲದೆ ಕೂತ್ಕೊಳ್ಳೋಕೆ ನಾನೇನು ಸೂತಕದವಳೇನೇ? ಹಾಕೇ ಎರಡು ಚೊಂಬು." ನೀನು ಬೇಡವೆಂದೆ. ಮತ್ತೂ ಬೇಡವೆಂದೆ. ಕೊನೆಗೆ ಅವಳ ಕಣ್ಣಿಗೆ ಟವಲು ಮಡಿಸಿ ಕಟ್ಟಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಹಿಂದಲೆಗೆ ಮಾತ್ರ ಎರಡು ಚೊಂಬು ಹಾಕಿದೆ. ಒಂದು ಹನಿಯೂ ಹಣೆಗೆ ಬರಲಿಲ್ಲ. ಇದೆಲ್ಲ ನೀನು ಎಷ್ಟೋ ಸಲ ಹೇಳಿದ್ದು. ಎಷ್ಟೋ ಸಲ ನಾನು ಕೇಳಿಯೂ ಕೇಳದವನಂತೆ ಕುಳಿತಿದ್ದದ್ದು.

ಹಬ್ಬ ಕಳೆದ ಮೇಲೆ ಡಾಕ್ಟರು ಕಣ್ಣಿನೊಳಗೆ ನೋಡಿದರು. ಕೆಂಪಿಲ್ಲ, ಕೀವಿಲ್ಲ, ನೋವಿಲ್ಲ; ಒಳಪರದೆಯ ನಡುವೆ ಮಾತ್ರ ಒಂದು ಕಲೆ. ಯಾಕೆಂದು ಹೇಳಲಾರೆ ಎಂದರು. ಹಾಸನದಲ್ಲಿ ತೋರಿಸಿದೆವು, ಈ ಕಲೆ ಹೋಗುವುದಿಲ್ಲ ಎಂದರು. ನೀರು ಒಳಗೆ ಹೋಗಿ ಕಣ್ಣು ಕೆಟ್ಟಿದ್ದರೆ ಕೆಂಪಾಗಬೇಕಿತ್ತು, ನೋಯಬೇಕಿತ್ತು. ಇದನ್ನು ತಿಳಿಯಲು ಡಾಕ್ಟರೇ ಆಗಬೇಕಿಲ್ಲ. ಅಷ್ಟು ವರ್ಷ ಥಿಯೇಟರಿನಲ್ಲಿ ಓಡಾಡಿದ ನನಗೆ ಗೊತ್ತಿತ್ತು. ಹಬ್ಬಕ್ಕೆ ಮೊದಲೇ ಕಂಡ ಹೊಗೆಯನ್ನು ಮನೆಯವರು ನನ್ನ ಮಾತು ನಂಬಿ ಊತವೆಂದೇ ಮರೆತಿದ್ದರು.

ಹಾಸನದಿಂದ ಬಂದ ಮೇಲಿನ ಭಾನುವಾರ ಎಲ್ಲರೂ ಈ ನಡುಮನೆಯಲ್ಲಿ ಸೇರಿದ್ದೆವು. ಶ್ರೀಧರ ಕೇಳಿದ: "ಮಾವ, ಆ ಆಸ್ಪತ್ರೆ ನಿಮಗೆ ಒಳಗೂ ಹೊರಗೂ ಗೊತ್ತು. ಏನಾಗಿರಬಹುದು?" ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಗಾಜು, ಕುಂಕುಮ, ಮೂವತ್ತೆಂಟು ನಿಮಿಷ, ಫೋನು — ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು. ನಾನು ಅವನ್ನೆಲ್ಲ ನುಂಗಿ, ನಿಧಾನವಾಗಿ, ತಿಳಿದವನ ದನಿಯಲ್ಲಿ ಕೇಳಿದೆ:

"ಹಬ್ಬದ ದಿನ ತಲೆಗೆ ನೀರು ಹಾಕಿದವರು ಯಾರು?"

ನೀನು ಕಾಫಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದೆ. "ನಾನೇ ಮಾವ... ಅತ್ತೆ ಕೇಳಿದ್ರು ಅಂತ..."

"ನಾನೆಲ್ಲೇ ಕೇಳ್ದೆ?" ಎಂದಳು ಅಕ್ಕ. "ಕೇಳಿದ್ರೂ ಬೇಡ ಅನ್ನೋಕೆ ನಿನಗೆ ಬಾಯಿ ಇರಲಿಲ್ವೇನೇ?"

ಅಷ್ಟೇ. ತೀರ್ಪು ಮುಗಿಯಿತು. ನಾನು ಕಾಫಿ ಕುಡಿದೆ.

ನಾನು ವಸಂತನ ಮೇಲೆ ತಪ್ಪು ಹೊರಿಸಿದೆನೇ? ಬರೀ ಕೇಳಿದೆ, ಅಷ್ಟೇ. ಹೀಗೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಪ್ರಶ್ನೆ ಸುಳ್ಳಾಗುವುದಿಲ್ಲವಲ್ಲ. ಆದರೆ ಉತ್ತರ ಜೇಬಿನಲ್ಲಿಟ್ಟುಕೊಂಡು ಕೇಳುವ ಪ್ರಶ್ನೆ ಸುಳ್ಳಿಗಿಂತ ಕೆಟ್ಟದ್ದು. ಸುಳ್ಳು ಹೇಳಿದವನನ್ನು ಹಿಡಿಯಬಹುದು. ನನ್ನನ್ನು ಯಾರಿಂದಲೂ ಹಿಡಿಯಲಾಗಲಿಲ್ಲ.

ಆಮೇಲಿನದು ಈ ಮನೆಯವರಿಗೆಲ್ಲ ಗೊತ್ತು, ಗೊತ್ತಿಲ್ಲದವರಿಗಾಗಿ ಬರೆಯುತ್ತೇನೆ. ಅಕ್ಕ ಅಂದಿನಿಂದ ವಸಂತನ ಕೈಯಿಂದ ಸ್ನಾನದ ನೀರು ಮುಟ್ಟಲಿಲ್ಲ. ನೀರು ಕಾಯಿಸಿ ತೋಡಲು ಪಕ್ಕದ ಬೀದಿಯ ಗಂಗಮ್ಮನನ್ನು ಇಟ್ಟರು. ಮನೆಗೆ ಬಂದವರೆದುರು, "ನಮ್ಮ ಸೊಸೆ ಎರಡು ಚೊಂಬು ನೀರಿಗೆ ನನ್ನ ಕಣ್ಣು ಕೊಂಡಳು" ಎನ್ನುವುದು ಅಕ್ಕನಿಗೆ ರೂಢಿಯಾಯಿತು. ಮೇಘನಾ ಆಗ ಆರು ವರ್ಷದವಳು. ಅವಳು ಆ ಮಾತನ್ನು ಕೇಳುತ್ತಲೇ ಬೆಳೆದಳು, ಒಂದು ದಿನ ಸಿಟ್ಟಿನಲ್ಲಿ ತಾನೂ ಅಂದಳು. ಅಂದು ನೀನು ಊಟ ಮಾಡಲಿಲ್ಲವೆಂದು ಶ್ರೀಧರ ಹೇಳಿದ.

ನಿನ್ನ ತಂದೆ ಗೆಂಡೆಹಳ್ಳಿಯಿಂದ ಬಂದರು. ನಿವೃತ್ತ ಮೇಷ್ಟ್ರು, ಬಿಳಿ ಪಂಚೆ, ಕೈಯಲ್ಲಿ ಹಣ್ಣಿನ ಚೀಲ. ಅಕ್ಕನ ಎದುರು ಕೈ ಮುಗಿದು, "ಮಗು ತಿಳಿಯದೆ ಮಾಡಿದೆ, ಹೊಟ್ಟೆಗೆ ಹಾಕ್ಕೊಳ್ಳಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಆ ವಿಷಯ ಬಲ್ಲವರು. ದೊಡ್ಡದು ಮಾಡಬೇಡಿ ಅಂತ ನಿಮ್ಮಕ್ಕನಿಗೆ ನೀವೇ ಒಂದು ಮಾತು ಹೇಳಬೇಕು" ಎಂದರು. ನಾನು "ಹೇಳ್ತೀನಿ ಬಿಡಿ" ಎಂದೆ. ಮಾಡದ ತಪ್ಪಿಗೆ ಮಗಳ ಪರವಾಗಿ ಕ್ಷಮೆ ಕೇಳಿ ಅವರು ಬಸ್ಸು ಹತ್ತಿದರು. ನಾಲ್ಕು ವರ್ಷಕ್ಕೆ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಕುಳಿತು ಉಂಡೆ. ಅವರಿಗೆ ಹೇಳಬೇಕಾಗಿದ್ದದ್ದನ್ನು ಹೇಳಲು ಇನ್ನು ಯಾವ ಅಂಚೆಯೂ ಇಲ್ಲ.

ಇನ್ನೂ ಒಂದಿದೆ. ಕ್ಯಾಂಪ್ ಆಗಿ ತಿಂಗಳ ಮೇಲೆ ಆಸ್ಪತ್ರೆಯ ಓಣಿಯಲ್ಲಿ ಬಾಣಾವರದ ಕಡೆಯ ಒಬ್ಬ ಮುದುಕ ನನ್ನನ್ನು ಡಾಕ್ಟರೆಂದು ತಿಳಿದು ತೋಳು ಹಿಡಿದ. "ಸ್ವಾಮಿ, ನಡುಮಧ್ಯ ಕಪ್ಪು ಐತೆ. ಬಸ್ ಬೋರ್ಡು ಓದಕ್ಕೆ ಆಗಕ್ಕಿಲ್ಲ. ಪೊರೆ ತೆಗೀದೆ ಹಂಗೇ ಬಿಟ್ರೇನೋ, ಒಸಿ ನೋಡಿ." ಒಳಗೆ ತೋರಿಸಿ ಎಂದು ತೋಳು ಬಿಡಿಸಿಕೊಂಡೆ. ಆ ಎಂಟು ದಿನಗಳಲ್ಲಿ ಎಷ್ಟು ಜನ ಆ ಬೆಳಕಿನ ಕೆಳಗೆ ಮಲಗಿದರು? ಥಿಯೇಟರಿನ ರಿಜಿಸ್ಟರಿನಲ್ಲಿ ಇದೆ. ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಆ ಪುಟ ತೆರೆಯಲಿಲ್ಲ. ಎಣಿಸಿಯೇ ಮುಚ್ಚಬೇಕೆಂದು ಕಲಿತವನು — ಎಣಿಸಲು ಹೆದರಿದೆ.

ಹಾಗಾದರೆ ಇವತ್ತೇ ಏಕೆ ಹೇಳಿದೆ? ಧೈರ್ಯ ಬಂತೆಂದು ಯಾರೂ ತಿಳಿಯಬಾರದು.

ಕಳೆದ ಗುರುವಾರ ಶ್ರೀಧರ ಫೋನ್ ಮಾಡಿದ. ಅಕ್ಕನ ಎಡಗಣ್ಣಿಗೂ ಪೊರೆ ತುಂಬಿದೆ. ಗೋಡೆ ಸವರಿಕೊಂಡು ನಡೆಯುತ್ತಾಳೆ. ಬೇಲೂರಿನ ಡಾಕ್ಟರು ತಡ ಮಾಡಬೇಡಿ ಎಂದಿದ್ದಾರೆ. ಅಕ್ಕ ಒಪ್ಪುವುದಿಲ್ಲ. "ಒಂದು ಕಣ್ಣು ಇವಳ ಕೈಗೆ ಕೊಟ್ಟು ಸಾಕಾಗಿದೆ. ಇವಳು ಮನೇಲಿರೋ ತನಕ ಇನ್ನೊಂದು ಕೊಡಲ್ಲ" ಎನ್ನುತ್ತಾಳಂತೆ. ಆದ್ದರಿಂದ ವಸಂತ ಎರಡು ತಿಂಗಳು ಗೆಂಡೆಹಳ್ಳಿಯಲ್ಲಿ ಅಣ್ಣನ ಮನೆಯಲ್ಲಿ ಇದ್ದು ಬರಲಿ ಎಂದು ಮನೆಯಲ್ಲಿ ತೀರ್ಮಾನವಾಗಿದೆ. "ನಾನು ಹೇಳಿದ್ರೆ ಅವಳಿಗೆ ಬೇಜಾರಾಗತ್ತೆ ಮಾವ. ನಿಮ್ಮ ಮಾತು ಅಂದ್ರೆ ಕೇಳ್ತಾಳೆ. ನೀವೇ ಬಂದು ಹೇಳಿ."

ಮಾಡದ ತಪ್ಪಿಗೆ ಅವಳನ್ನು ಮನೆಯಿಂದ ಹೊರಡಿಸಲು ಕರೆ ಬಂದದ್ದು ನನಗೆ. ಆ ಫೋನಿಗೂ ನಾನು "ಆಗಲಿ, ಬುಧವಾರ ಬರ್ತೀನಿ" ಎಂದೆ! ಇದನ್ನೂ ಬರೆಯುತ್ತೇನೆ. ಆರು ದಿನ ಯೋಚಿಸಿದೆ. ಹಳೆಯ ಡೈರಿ ತೆಗೆದು ಚೀಲಕ್ಕೆ ಹಾಕಿದೆ, ಹೊರಗೆ ತೆಗೆದೆ, ಮತ್ತೆ ಹಾಕಿದೆ. ಬಸ್ಸು ಜಾವಗಲ್ ದಾಟುವವರೆಗೂ ಯಾವುದನ್ನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಈ ಮನೆಯ ಹೊಸ್ತಿಲು ದಾಟಿದಾಗ ಬಾಗಿಲ ಪಕ್ಕದಲ್ಲಿ ನಿನ್ನ ಬಟ್ಟೆಯ ಚೀಲ ಕಂಡಿತು. ಜಿಪ್ಪು ಹಾಕಿ ಸಿದ್ಧವಾಗಿತ್ತು. ನಾನು ಹೇಳುವುದಕ್ಕೂ ಮೊದಲೇ ನೀನು ಕಟ್ಟಿಟ್ಟಿದ್ದೆ. ಆಗ —

ಆಗ ಆ ಮೂರು ವಾಕ್ಯ ಹೇಳಿದೆ. ಗಾಜಿನ ವಿಷಯ, ಭಾನುವಾರದ ಫೋನಿನ ವಿಷಯ ಹೇಳಿದೆ. ಡೈರಿಯ ಪುಟವನ್ನು ಶ್ರೀಧರನ ಕೈಗೆ ಕೊಟ್ಟೆ. ಅವನು ಓದಿ, ಡೈರಿಯನ್ನು ಮೇಜಿನ ಮೇಲಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದ. ಕೆರೆಯ ಕಡೆ ಹೋದನಂತೆ. ಇನ್ನೂ ಬಂದಿಲ್ಲ.

ಅಕ್ಕ ಬೆರಳು ಮಡಿಚಿ ಏನೋ ಲೆಕ್ಕ ಹಾಕುತ್ತಿದ್ದಳು. ಆಮೇಲೆ ಮೆಲ್ಲಗೆ, "ಮೂಗು ಕಾಣಲ್ಲ ಅಂದಿದ್ದೆ... ಹೌದು. ಹಂಡೆ ಇನ್ನೂ ತೊಳೆದಿರಲಿಲ್ಲ ಆಗ. ಹಬ್ಬಕ್ಕೆ ಮುಂಚೆ" ಎಂದಳು. ಮಡಿಚಿದ ಬೆರಳು ಬಿಚ್ಚಿದಳು. "ನೀರು ನಾನೇ ಕೇಳಿದ್ದು ಕಣೇ ವಸಂತ. ಅವತ್ತೂ ಗೊತ್ತಿತ್ತು ನನಗೆ."

ವಸಂತ ಮೇಜಿನ ಮೇಲಿದ್ದ ಡೈರಿ ತೆಗೆದು ಆ ಪುಟ ಓದಿದಳು.

ಅಕ್ಕ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಬೇಲೂರಲ್ಲಿ ಮಾಡಿಸ್ಕೋತೀನಿ ಈ ಕಣ್ಣು. ನೀನು ಮಾತ್ರ ಆ ಕಡೆ ತಲೆ ಹಾಕ್ಬೇಡ ಕಣೋ. ಹೊರಗಿನ ಬೆಂಚಲ್ಲೂ ಕೂರಬೇಡ."

ಮೇಘನಾ ಅಳುತ್ತ ಹೋಗಿ ಅಮ್ಮನ ಚೀಲವನ್ನು ಎತ್ತಿಕೊಂಡು ಒಳಗೆ ಹೊರಟಳು. "ಅಲ್ಲೇ ಇಡು," ಎಂದಳು ವಸಂತ. "ಹೋಗೋದೋ ಬಿಡೋದೋ, ಇನ್ಮೇಲೆ ನಾನು ಹೇಳ್ತೀನಿ." ಮೇಘನಾ ಚೀಲವನ್ನು ಇದ್ದಲ್ಲೇ ಇಟ್ಟಳು. ಆಮೇಲೆ ವಸಂತ ನನ್ನ ಕಡೆ ನೋಡಿ, ಬರೆದು ಕೊಡಿ ಎಂದಳು.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಇದರ ಒಂದು ಪ್ರತಿಯನ್ನು ಅರಸೀಕೆರೆಯ ಆಸ್ಪತ್ರೆಗೆ ನಾನೇ ಒಯ್ಯುತ್ತೇನೆ. ಆ ಎಂಟು ದಿನಗಳ ರಿಜಿಸ್ಟರು ತೆಗೆಸಿ, ಒಬ್ಬೊಬ್ಬರ ಹೆಸರು, ಊರು ಬರೆದುಕೊಳ್ಳುತ್ತೇನೆ. ಬದುಕಿರುವವರ ಮನೆ ಬಾಗಿಲಿಗೆ ಹೋಗಿ ಹೇಳುತ್ತೇನೆ. ಅವರು ಏನು ಮಾಡಿದರೂ ಸರಿಯೇ. ಉಪಕರಣದ ಪೆಟ್ಟಿಗೆಯನ್ನು ಇನ್ನು ತೆರೆಯುವುದಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡು, ನಾಲ್ಕು ಗಂಟೆಗೆ ಹಾಳೆಗಳನ್ನು ವಸಂತನಿಗೆ ಕೊಟ್ಟೆ. ಅವಳು ಬಾಗಿಲಲ್ಲಿ ನಿಂತೇ ಓದಿದಳು. ಕೊನೆಯ ಹಾಳೆ ಮುಗಿಸಿ, ಮತ್ತೆ ನಡುವಿನ ಒಂದು ಹಾಳೆ ತೆಗೆದು ನೋಡಿದಳು.

"ಒಂದು ಬಿಟ್ಟಿದೀರಿ ಮಾವ."

"ಏನಮ್ಮ?"

"ಬಸ್ ಸ್ಟ್ಯಾಂಡು."

ಮರೆತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಮರೆತಿರಲಿಲ್ಲ. ನಾಲ್ಕು ಗಂಟೆಯ ಹೊತ್ತು ಎಲ್ಲವನ್ನೂ ಬರೆದು, ಅದೊಂದನ್ನು ಪಕ್ಕಕ್ಕೆ ಸರಿಸಿದ್ದೆ. ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡು, ಅವಳು ನೋಡುತ್ತಿರುವಂತೆಯೇ ಬರೆಯುತ್ತಿದ್ದೇನೆ.

ನಾನು ಆ ಪ್ರಶ್ನೆ ಕೇಳಿದ ಭಾನುವಾರ, ಸಂಜೆ ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ವಸಂತ ಓಡುತ್ತ ಬಂದಳು. ಮನೆಯಲ್ಲಿ ನಾನು ಬಿಟ್ಟುಬಂದ ಕನ್ನಡಕದ ಡಬ್ಬಿ ಕೊಡುವುದು ನೆಪ. ಏದುಸಿರು ಬಿಡುತ್ತ ಕೇಳಿದಳು: "ಮಾವ, ನಿಮಗೆ ಆ ಕಣ್ಣಿನ ವಿಷಯ ಎಲ್ಲಾ ಗೊತ್ತು. ನಿಜವಾಗ್ಲೂ ನನ್ನ ನೀರಿಂದಲೇ ಹೋಯ್ತಾ? ಅಲ್ಲ ಅಂತ ಒಂದು ಮಾತು ಹೇಳಿ. ಮನೇಲಿ ಯಾರಿಗೂ ಹೇಳೋದು ಬೇಡ. ನನಗೊಬ್ಬಳಿಗೆ ಹೇಳಿ, ಸಾಕು."

ಅಲ್ಲಿ ನಮ್ಮ ಮಾತು ಕೇಳುವಷ್ಟು ಹತ್ತಿರದಲ್ಲಿ ಯಾರೂ ಇರಲಿಲ್ಲ. ಅಲ್ಲ ಎಂದಿದ್ದರೆ ನನ್ನ ಗುಟ್ಟು ಬಯಲಾಗುತ್ತಿರಲಿಲ್ಲ, ನನಗೆ ಏನೂ ನಷ್ಟವಾಗುತ್ತಿರಲಿಲ್ಲ. ಎರಡಕ್ಷರ ಅಷ್ಟೇ. ನಾನು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, "ಆಗಿದ್ದು ಆಗಿಹೋಯ್ತು. ಇನ್ನು ಮೇಲಾದ್ರೂ ಹುಷಾರಾಗಿರು" ಎಂದೆ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಬಸ್ಸು ಹೊರಡುವವರೆಗೂ ಅವಳು ಕೆಳಗೆ ನಿಂತಿದ್ದಳು. ನಾನು ಆ ಕಡೆ ನೋಡಲಿಲ್ಲ.

ಇದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅಕ್ಕನೂ ಒಳಗಿನಿಂದ ಕೇಳಿಸಿಕೊಂಡಳು. "ಸರಿಯಾಗಿದೆಯೇನಮ್ಮ?" ಎಂದೆ. "ಸರಿಯಾಗಿದೆ," ಎಂದಳು ವಸಂತ. ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿದೆ. ಐದು ಗಂಟೆ ಐದು ನಿಮಿಷಕ್ಕೆ ಹಾಳೆಗಳನ್ನು ಅವಳ ಕೈಗೆ ಕೊಟ್ಟೆ.